ನಾಲ್ಕನೇ ಮೊಲೆಯ ಅರಿಶಿನ

ನಮ್ಮತ್ತೆ ಸಾಕಮ್ಮನವರು ಹಸುವಿನ ಕೆಚ್ಚಲಿಗೆ ಮೊಹರು ಹಾಕುತ್ತಿದ್ದರು. ಆಡಿಕೊಳ್ಳುವುದಕ್ಕೆ ಹೇಳುತ್ತಿಲ್ಲ, ವರ್ಷಗಟ್ಟಲೆ ಅನುಭವಿಸಿದ್ದನ್ನು ಹೇಳುತ್ತಿದ್ದೇನೆ. ಮೂರು ಮೊಲೆಯ ಹಾಲು ಮನೆಗೆ ಮತ್ತು ಡೇರಿಗೆ, ನಾಲ್ಕನೆಯದು ಕರುವಿಗೆ, ಇದು ನಮ್ಮ ಮನೆಯ ಕಟ್ಟಳೆ. ಕರುವನ್ನು ಒಂದು ಗಳಿಗೆ ಬಿಟ್ಟು, ಕೆಚ್ಚಲಿಗೆ ಹಾಲು ಇಳಿದ ಮೇಲೆ ಎಳೆದು ಗೂಟಕ್ಕೆ ಕಟ್ಟಿ, ಅತ್ತೆ ಕಲಸಿದ ಅರಿಶಿನವನ್ನು ತೋರುಬೆರಳಿನಲ್ಲಿ ತೆಗೆದು ನಾಲ್ಕನೇ ಮೊಲೆಗೆ ಬಳಿಯುತ್ತಿದ್ದರು. ನಾನು ಉಳಿದ ಮೂರನ್ನು ಕರೆದು ಎದ್ದ ಮೇಲೆ ಬಗ್ಗಿ ನೋಡುತ್ತಿದ್ದರು. ಅರಿಶಿನ ಹಾಗೇ ಇದ್ದರೆ ಸೊಸೆ ಆ ಹೊತ್ತಿಗೆ ನಿರಪರಾಧಿ. ಆಮೇಲೆ ಕರು ಬಿಚ್ಚುತ್ತಿದ್ದರು. ಅದರ ಮೂತಿ ಹಳದಿಯಾದರೆ ಅದರ ಪಾಲು ಅದಕ್ಕೆ ಸೇರಿತು ಎಂದು ಅರ್ಥ.

ಕೊಪ್ಪದ ಕಡೆಯ ನಮ್ಮೂರಿನಲ್ಲಿ ಅವರಿಗೆ ಸಿಐಡಿ ಸಾಕಮ್ಮ ಎಂದೇ ಹೆಸರು. ಅದನ್ನು ಎದುರಿಗೆ ಹೇಳುವ ಗಂಡಸು ಮಾತ್ರ ಊರಲ್ಲಿ ಹುಟ್ಟಿರಲಿಲ್ಲ. ಹಿಂಡಿ ಮೂಟೆ ಬಂದರೆ ಮೊದಲು ಅದರ ಹೊಲಿಗೆ ನೋಡುತ್ತಿದ್ದರು, ಬಿಚ್ಚಿ ಮತ್ತೆ ಹೊಲಿದಿದ್ದಾರೇನೋ ಎಂದು. ಓದಲು ಬಾರದಿದ್ದರೂ ಬಸ್ಸಿನ ಟಿಕೆಟ್ಟನ್ನು ಬೆಳಕಿಗೆ ಹಿಡಿದು ಎರಡೂ ಕಡೆ ತಿರುಗಿಸುತ್ತಿದ್ದರು. ದನಕ್ಕೆ ಸೂಜಿ ಹಾಕಲು ಬಂದವರು ಔಷಧಿಯ ಮುಚ್ಚಳವನ್ನು ಅವರ ಕಣ್ಣೆದುರೇ ತೆಗೆಯಬೇಕು. ಹಸು ಈದಾಗ ಬೀದಿಗೆಲ್ಲ ಗಿಣ್ಣು ಹಂಚುವಾಗ ಪಕ್ಕದ ಮನೆಯ ಜಯಮ್ಮನ ಪಾಲಿಗೆ ಮಾತ್ರ ನಾಲ್ಕು ಹರಳು ಉಪ್ಪು ಬೀಳುತ್ತಿತ್ತು, ಅವಳ ಕಣ್ಣು ಕೆಚ್ಚಲಿಗೆ ತಾಗದಿರಲಿ ಎಂದು. ಬೆಲ್ಲದ ಗಿಣ್ಣಿನಲ್ಲಿ ಉಪ್ಪು ಸಿಕ್ಕಿ ಜಯಮ್ಮ ಮುಖ ಕಿವುಚಿದ್ದನ್ನು ನಾನೇ ನೋಡಿದ್ದೇನೆ. ಮದ್ದೂರಿಗೆ ಹೋದಾಗ ವಡೆ ಕೊಂಡರೆ ಅದನ್ನು ಮುರಿದು, ಮೂಸಿ, ಅರ್ಧ ನನಗೆ ಕೊಟ್ಟು, ನಾನು ನುಂಗುವ ತನಕ ಮುಖ ನೋಡುತ್ತಿದ್ದು ಆಮೇಲೆ ತಾವು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಪ್ರೀತಿಯಿಂದ ಕೊಡುತ್ತಾರೆ ಎಂದು ಮದುವೆಯಾದ ಹೊಸದರಲ್ಲಿ ನಾನು ಹಿಗ್ಗುತ್ತಿದ್ದೆ. ತಿಳಿದ ಮೇಲೆ ಎಂಥಾ ಉರಿ ಬಂತು ಅಂತೀರಿ!

"ಕಿವಿ ಮಾತ ನಂಬಿ ಕೆಟ್ಟೋರೇ ಎಲ್ಲ. ಕಣ್ಣಲ್ಲಿ ಕಂಡು ಆಮ್ಯಾಕೆ ಮಾತಾಡು ಕಣಮ್ಮಿ," ಎನ್ನುವುದು ಅವರ ದಿನನಿತ್ಯದ ಮಾತು. ಅವರು ಅನುಮಾನ ಪಡದೇ ಇದ್ದದ್ದು ಜಗತ್ತಿನಲ್ಲಿ ಒಂದೇ ಒಂದು, ತಾಯಿಯ ಹಾಲು. ಕರುವಾಗಲಿ ಕೂಸಾಗಲಿ, ಏನೇ ಕಾಯಿಲೆ ಬಂದರೂ ಹಾಲು ಕುಡಿಸು ಎನ್ನುವುದೇ ಅವರ ಮೊದಲ ಮದ್ದು.

ನಾನು ಮಳವಳ್ಳಿಯವಳು. ನಮ್ಮ ಮನೆಯವರಿಗೆ ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಕೆಲಸ, ಮನೆಗೆ ಬರುವುದು ವಾರಕ್ಕೊಮ್ಮೆ. ಉಳಿದ ದಿನಗಳಲ್ಲಿ ಮನೆಯಲ್ಲಿ ನಾನು, ಅತ್ತೆ, ಕೊಟ್ಟಿಗೆಯಲ್ಲಿ ಗೌರಿ ಎನ್ನುವ ಸೀಮೆ ಹಸು. ಗೌರಿ ಸಾಲಾಗಿ ಮೂರು ಹೋರಿಗರು ಹಾಕಿ, ನಾಲ್ಕನೇ ಸಲ ಹೆಣ್ಣುಗರು ಹಾಕಿತು. ಕಪ್ಪು ಮೈ, ಹಣೆಯಲ್ಲಿ ಒಂದೇ ಒಂದು ಬಿಳಿ ಬೊಟ್ಟು. ಚುಕ್ಕಿ ಎಂದು ಹೆಸರಿಟ್ಟೆವು. ಗೌರಿಗೆ ವಯಸ್ಸಾಗುತ್ತಿತ್ತು. ಆ ಕೊಟ್ಟಿಗೆ ಮುಂದೆಯೂ ನಡೆಯಬೇಕಾದರೆ ಚುಕ್ಕಿ ಬದುಕಿ ಬೆಳೆಯಬೇಕಿತ್ತು. ಅತ್ತೆ ಅದಕ್ಕೆ ದಿನವೂ ದೃಷ್ಟಿ ತೆಗೆಯುತ್ತಿದ್ದರು, ಅರಿಶಿನದ ಕಾವಲನ್ನೂ ಇನ್ನಷ್ಟು ಬಿಗಿ ಮಾಡಿದರು.

ಇಲ್ಲಿ ನಾನು ಒಂದು ತಪ್ಪು ಒಪ್ಪಿಕೊಳ್ಳಬೇಕು. ಚುಕ್ಕಿಗೆ ಇನ್ನೂ ತಿಂಗಳು ತುಂಬಿರಲಿಲ್ಲ. ಒಂದು ಸಂಜೆ ಹಾಲು ಕರೆಯುವ ಹೊತ್ತಿಗೆ ಮಳವಳ್ಳಿಯಿಂದ ನಮ್ಮಣ್ಣ ಹೇಳದೆ ಕೇಳದೆ ಬಂದ. ಮನೆಗೆ ಇಟ್ಟಿದ್ದ ಬೆಳಗಿನ ಹಾಲು ಒಡೆದು ಹೋಗಿತ್ತು. ಕರೆದ ಹಾಲಿನಲ್ಲಿ ತೆಗೆದರೆ ಡೇರಿಯ ಚೀಟಿಯಲ್ಲಿ ಅರ್ಧ ಲೀಟರು ಕಡಿಮೆ ಬಂದು, ಅದಕ್ಕೆ ಮೂರು ದಿನ ವಿಚಾರಣೆ ನಡೆಯುತ್ತಿತ್ತು. ತವರಿನಿಂದ ಬಂದವನಿಗೆ ಹಾಲಿಲ್ಲದ ಕಾಫಿ ಕೊಡುವುದು ಹೇಗೆ? ಅತ್ತೆ ಅರಿಶಿನ ಬಳಿದ ಮೇಲೆ ಯಾರೋ ಕರೆದರೆಂದು ಬೀದಿಗೆ ಹೋದರು. ನಾನು ನಾಲ್ಕನೇ ಮೊಲೆಯಿಂದ ಒಂದು ಚೊಂಬು ಕರೆದುಕೊಂಡೆ. ಮಾಡಿದ್ದು ಮಾಡಿದೆ, ಒಳಗೆ ಓಡಿ ಅಡುಗೆಮನೆಯ ಡಬ್ಬದಿಂದ ಚಿಟಿಕೆ ಅರಿಶಿನ ತಂದು, ನೀರಲ್ಲಿ ಕಲಸಿ ಮೊಲೆಗೆ ಬಳಿದುಬಿಟ್ಟೆ. ಅತ್ತೆ ಬಂದರು, ಬಗ್ಗಿ ನೋಡಿದರು, "ಊಂ" ಎಂದರು, ಕರು ಬಿಚ್ಚಿದರು. ಅಣ್ಣ ಕಾಫಿ ಚೆನ್ನಾಗಿದೆ ಎಂದು ಎರಡನೇ ಲೋಟ ಕೇಳಿದ.

ಅದಾಗಿ ವಾರ ಕಳೆದಿರಲಿಲ್ಲ, ಚುಕ್ಕಿ ಸೊರಗತೊಡಗಿತು. ಮೊದಲು ಕೂದಲು ಒರಟಾಗಿ ನೆಟ್ಟಗೆ ನಿಂತಿತು. ಆಮೇಲೆ ಪಕ್ಕೆಲುಬು ಎದ್ದು ಕಂಡವು, ಹೊಟ್ಟೆ ಮಾತ್ರ ಮಡಕೆಯ ಹಾಗೆ ಉಬ್ಬಿತು. ಸಗಣಿ ಜೇಡಿಮಣ್ಣಿನ ಬಣ್ಣಕ್ಕೆ ತಿರುಗಿ, ಮೂಗು ಬಿಡಲಾಗದ ಹುಳಿ ನಾತ. ಹಾಲು ಕುಡಿಯುತ್ತಲೇ ಇತ್ತು, ಕುಡಿದು ಗೋಡೆಯ ಮಣ್ಣು ನೆಕ್ಕುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಆ ಒಂದು ಚೊಂಬು ಹಾಲನ್ನು ನೆನೆನೆನೆದು ಒಳಗೇ ಬೇಯುತ್ತಿದ್ದೆ. ಒಂದು ಚೊಂಬಿಗೆ ಕರು ಬಡವಾಗುತ್ತದೆಯೇ ಎಂದು ಬುದ್ಧಿ ಕೇಳುತ್ತಿತ್ತು. ಮನಸ್ಸು ಕೇಳಬೇಕಲ್ಲ.

ಅತ್ತೆಯ ಕಣ್ಣು ಈಗ ಪೂರ್ತಿ ನನ್ನ ಮೇಲೆ ಬಿತ್ತು. ಹಾಲು ಕರೆಯುವಾಗ ನನ್ನ ಎದುರಿಗೇ ಮಣೆ ಹಾಕಿಕೊಂಡು ಕೂರತೊಡಗಿದರು. ನಾನು ಡೇರಿಗೆ ಹೊರಟರೆ ಹಿಂದೆಯೇ ಬರುತ್ತಿದ್ದರು. ತಮ್ಮ ಪಾಲಿನ ಮಜ್ಜಿಗೆ ಬಿಟ್ಟು, ಆ ಹಾಲನ್ನೂ ಚುಕ್ಕಿಗೆ ಕುಡಿಸಿದರು. ಕುಡಿಸಿದಷ್ಟೂ ಅದರ ಹೊಟ್ಟೆ ಉಬ್ಬಿತೇ ಹೊರತು ಮೈಗೆ ಒಂದು ಚೂರೂ ಹತ್ತಲಿಲ್ಲ. ಒಂದು ಬೆಳಿಗ್ಗೆ ಚುಕ್ಕಿ ಏಳಲು ಹೋಗಿ ಮುಂಗಾಲು ಮಡಿಸಿ ಕುಸಿಯಿತು. ಜಯಮ್ಮ ಗೋಡೆಯಾಚೆ ನಿಂತು ನೋಡುತ್ತಿದ್ದಳು. ಅವಳ ಎದುರಿಗೇ ಅತ್ತೆ ಕರುವಿನ ಗದ್ದ ಹಿಡಿದೆತ್ತಿ ನನ್ನ ಕಡೆ ತಿರುಗಿದರು.

"ದಿನಾ ಮೂತಿ ಅಳದಿ ಆಯ್ತದೆ, ಮೈ ನೋಡುದ್ರೆ ಬರೀ ಮೂಳೆ. ಮೂತೀಗೆ ಅರಿಸ್ನ ಬಳ್ಯೋಳು ನೀನೇಯಾ?"

ಆ ಮಾತು ಎದೆಗೆ ಇರಿದ ಹಾಗಾಯಿತು. ಮೂಕಪ್ರಾಣಿಯ ಬಾಯಿಂದ ಕಿತ್ತುಕೊಂಡವಳು ಎನ್ನಿಸಿಕೊಂಡು ಆ ಬೀದಿಯಲ್ಲಿ ಬಾಳುವುದು ಹೇಗೆ? ಇಲ್ಲ ಅತ್ತೆ ಎಂದೆ. ಆದರೆ ಆ ಇಲ್ಲ ಎನ್ನುವುದರಲ್ಲಿ ಒಂದು ಚೊಂಬಿನಷ್ಟು ಸುಳ್ಳು ಇತ್ತಲ್ಲ, ಅವರ ಮುಖ ಬಿಟ್ಟು ಗೂಟ ನೋಡುತ್ತ ಹೇಳಿದೆ. ಅವರು ಅದನ್ನೂ ಗಮನಿಸಿದರು.

ಅವತ್ತೇ ನಾನು ಫೋನು ಮಾಡಿ ದನದ ಇನ್ಸ್‌ಪೆಕ್ಟರನ್ನು ಕರೆಸಿದೆ. ಅವರು ಸ್ಕೂಟರು ನಿಲ್ಲಿಸಿ ಬಂದವರೇ ಹೊಟ್ಟೆ ತಟ್ಟಿ, ಕಣ್ಣರೆಪ್ಪೆ ಬಿಡಿಸಿ ನೋಡಿ, ಜಂತುಹುಳ ಇರಬಹುದು, ಸಗಣಿ ಪರೀಕ್ಷೆ ಮಾಡಿಸಿ ಎಂದರು. ಅತ್ತೆಗೆ ಎಲ್ಲಿತ್ತೋ ಸಿಟ್ಟು. ಹುಲ್ಲನ್ನೇ ಕಚ್ಚದ, ಬರೀ ತಾಯಿಯ ಹಾಲು ಕುಡಿಯುವ ಕರುವಿಗೆ ಹುಳ ಎಲ್ಲಿಂದ ಬರುತ್ತದೆ ಎಂದು ಅವರನ್ನೇ ದಬಾಯಿಸಿದರು. ಅದು ಅವರೊಬ್ಬರ ನಂಬಿಕೆಯಲ್ಲ. ಜಂತಿನ ಔಷಧಿ ಏನಿದ್ದರೂ ಕರು ಮೇಯಲು ಶುರು ಮಾಡಿದ ಮೇಲೆ ಎಂದು ನಮ್ಮ ಬೀದಿಯೆಲ್ಲ ತಿಳಿದಿತ್ತು. ಸ್ಕೂಟರು ಹೋದ ಮೇಲೆ ಅತ್ತೆ ನನ್ನನ್ನು ಕೇಳಿದರು, ಆ ಇನ್ಸ್‌ಪೆಕ್ಟರ ಊರು ಯಾವುದು ಎಂದು. ನನ್ನ ದುರದೃಷ್ಟಕ್ಕೆ ಅವರೂ ಮಳವಳ್ಳಿಯವರೇ.

ಆದರೂ ಮಾರನೆಯ ದಿನ ಬೆಳಿಗ್ಗೆ ನೋಡಿದರೆ, ಅತ್ತೆ ತಮ್ಮ ಎಲೆಅಡಿಕೆಯ ಸ್ಟೀಲ್ ಡಬ್ಬಿಯನ್ನು ಖಾಲಿ ಮಾಡಿ ಬೂದಿ ಹಾಕಿ ತಿಕ್ಕುತ್ತಿದ್ದರು. ಆ ಡಬ್ಬಿಯನ್ನು ಸ್ವಂತ ಮಗ ಮುಟ್ಟಿದರೂ ಸಹಿಸದ ಹೆಂಗಸು! ಚುಕ್ಕಿಯ ಹಿಂದೆ ಕಾದು ಕೂತು, ಸಗಣಿ ನೆಲಕ್ಕೆ ಬೀಳುವ ಮೊದಲೇ ಅದರಲ್ಲಿ ಹಿಡಿದು ಮುಚ್ಚಳ ಒತ್ತಿದರು. ನಾನು ತೆಗೆದುಕೊಂಡು ಹೋಗುತ್ತೇನೆ ಎಂದದ್ದಕ್ಕೆ, ನೀನು ದಾರಿಯಲ್ಲಿ ಬೇರೆ ಸಗಣಿ ತುಂಬಿಕೊಂಡು ಹೋದರೆ ಯಾರಿಗೆ ಗೊತ್ತಾಗುತ್ತದೆ ಎಂದರು. ಹೀಗೆ ನಾವಿಬ್ಬರೂ ಮದ್ದೂರು ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಡಬ್ಬಿ ಅವರ ಮಡಿಲಲ್ಲಿತ್ತು, ಎರಡೂ ಕೈ ಅದರ ಮೇಲಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು ತಿಂಡಿ ಏನು ತಂದಿದ್ದೀರಿ ಎಂದು ಕೇಳಿದಳು. ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ನಗಲಿಲ್ಲ.

ಮದ್ದೂರಿನ ಪಶು ಆಸ್ಪತ್ರೆಯಲ್ಲಿ ಇದ್ದವರು ಚಿಕ್ಕ ವಯಸ್ಸಿನ ಹೆಣ್ಣು ಡಾಕ್ಟರು. ಸಗಣಿಯನ್ನು ಉಪ್ಪು ನೀರಿನಲ್ಲಿ ಕದಡಿ, ಒಂದು ಲೋಟಕ್ಕೆ ಸೋಸಿ, ಸ್ವಲ್ಪ ಹೊತ್ತು ಇಟ್ಟರು. ಮೇಜಿನ ಮೇಲೆ ಇನ್ಯಾರದೋ ಕರುವಿನದೂ ಇತ್ತು. ಅದು ಇದಕ್ಕೆ ಬೆರೆಯಬಾರದೆಂದು ಅತ್ತೆ ತಮ್ಮ ಲೋಟದ ಪಕ್ಕ ಡಬ್ಬಿಯ ಮುಚ್ಚಳ ಇಟ್ಟು ಕಾವಲು ನಿಂತರು. ಡಾಕ್ಟರು ತೇಲಿದ್ದನ್ನು ಗಾಜಿನ ತುಂಡಿಗೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿ ತಲೆಯಾಡಿಸಿದರು. ನನಗೂ ತೋರಿಸು ಎಂದರು ಅತ್ತೆ. ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ, ಕೊನೆಗೆ ಸರಿಯಾಗಿ ಕಂಡಿತು. ರಾಗಿ ಕಾಳಿನ ಹಾಗೆ ದುಂಡುದುಂಡಗೆ, ದಪ್ಪ ಸಿಪ್ಪೆಯ ಮೊಟ್ಟೆಗಳು, ಒಂದಲ್ಲ ಎರಡಲ್ಲ.

ಡಾಕ್ಟರು ಬಿಡಿಸಿ ಹೇಳಿದರು. ಕರು ಹೊಟ್ಟೆ ತುಂಬ ಹಾಲು ಕುಡಿಯುತ್ತಿದೆ, ಅದರಲ್ಲಿ ಕೊರತೆಯಿಲ್ಲ. ಕುಡಿದದ್ದನ್ನು ಕರುಳಿನಲ್ಲಿರುವ ಹುಳುಗಳು ಹಂಚಿಕೊಳ್ಳುತ್ತಿವೆ. ಕರುಳಿನ ಒಳಪದರ ಕೆಟ್ಟಿರುವುದರಿಂದ ಉಳಿದದ್ದು ಕೂಡ ಅರಗಿ ರಕ್ತಕ್ಕೆ ಸೇರುತ್ತಿಲ್ಲ, ಹಾಗೇ ಹೊರಗೆ ಹೋಗುತ್ತಿದೆ. ಹೊಟ್ಟೆ ಉಬ್ಬಿ ಮೈ ಒಣಗುವುದು ಅದಕ್ಕೇ. ಹಾಗಾದರೆ ನನ್ನ ಒಂದು ಚೊಂಬಿನಿಂದ ಆದದ್ದಲ್ಲ.

"ಅಂಗಾರೆ ಇವು ಒಳಕ್ಕೆ ಎಲ್ಲಿಂದ ಬಂದೋ?" ಎಂದು ಅತ್ತೆ ಕೇಳಿದರು.

"ತಾಯಿಯ ಹಾಲಿನಿಂದಲೇ ಅಜ್ಜಿ. ಈ ಹುಳದ ಮರಿಗಳು ಹಸುವಿನ ಮೈಯಲ್ಲಿ ಸುಮ್ಮನೆ ಮಲಗಿರುತ್ತವೆ. ಕರು ಹಾಕಿದ ಮೇಲೆ ಕೆಚ್ಚಲಿಗೆ ಬಂದು ಹಾಲಿನ ಜೊತೆ ಇಳಿಯುತ್ತವೆ. ಅದಕ್ಕೇ ಹತ್ತನೇ ದಿನಕ್ಕೆ ಔಷಧಿ ಕುಡಿಸಬೇಕು."

 ನೀನೂ ಮಳವಳ್ಳಿಯವಳಾ ತಾಯಿ ಎಂದು ಅತ್ತೆ ಕೇಳಿದರು. ಅಲ್ಲ, ಹಾಸನದ ಕಡೆಯವಳು ಎಂದು ಅವರು ನಕ್ಕರು. ಅತ್ತೆ ಮತ್ತೆ ಸೂಕ್ಷ್ಮದರ್ಶಕದಲ್ಲಿ ಬಗ್ಗಿ ನೋಡಿದರು. ತಲೆ ಎತ್ತಿದಾಗ ಅವರ ದನಿ ಬೇರೆಯಾಗಿತ್ತು.

"ಮನ್ಸರಲ್ಲೂ ಇಂಗೇಯಾ? ತಾಯಾಲಲ್ಲಿ ಕೂಸಿಗೆ ಉಳ ಓಯ್ತದಾ?"

ಇಲ್ಲ, ಇದು ದನ ಎಮ್ಮೆಗಳ ಹುಳ, ಮಕ್ಕಳಿಗೆ ಜಂತು ಬರುವುದು ಮಣ್ಣಿನಿಂದ, ಕೊಳೆ ಕೈಯಿಂದ, ತಾಯಿಯ ಹಾಲಿನಿಂದಲ್ಲ ಎಂದರು ಡಾಕ್ಟರು. ಅತ್ತೆ ಅದನ್ನೇ ಮೂರು ಸಲ ಕೇಳಿದರು. ಮೂರು ಸಲವೂ ಅವರು ಬೇಸರಿಸದೆ ಇಲ್ಲ ಎಂದರು. ಒಬ್ಬರ ಬರೀ ಬಾಯಿಮಾತನ್ನು ನಮ್ಮತ್ತೆ ಕಣ್ಣಲ್ಲಿ ಕಾಣದೆ ನಂಬಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಅವರು ತಾವಾಗಿಯೇ ಹೇಳಿದರು. ನಮ್ಮ ಮನೆಯವರು ಹುಟ್ಟುವುದಕ್ಕೆ ಮುಂಚೆ ಅವರಿಗೆ ಒಂದು ಹೆಣ್ಣು ಕೂಸು ಇತ್ತಂತೆ. ಅಂಬೆಗಾಲಿಡುವ ಹೊತ್ತಿಗೆ ಅದಕ್ಕೂ ಹೀಗೇ ಹೊಟ್ಟೆ ಉಬ್ಬಿ ಕೈಕಾಲು ಕಡ್ಡಿಯಾದವು. ಅವರ ಅತ್ತೆ, ನಾದಿನಿಯರೆಲ್ಲ ಸೇರಿ, ಇವಳ ಹಾಲೇ ಕೆಟ್ಟದ್ದು, ಹಾಲಲ್ಲೇ ವಿಷ ಇದೆ ಎಂದು ತೀರ್ಮಾನ ಕೊಟ್ಟು, ಕೂಸನ್ನು ಎದೆಯಿಂದ ಬಿಡಿಸಿ ಬೇರೆ ಮಲಗಿಸಿದರು. ಹಾಲು ಕಟ್ಟಿ ಇವರಿಗೆ ಜ್ವರ, ಆ ಕಡೆ ಕೋಣೆಯಲ್ಲಿ ಕೂಸಿನ ಅಳು. ಹದಿನೈದು ದಿನವೂ ಅದು ಬದುಕಲಿಲ್ಲ. ಹೇಳುವಾಗ ಅವರು ಅಳಲಿಲ್ಲ, ಡಬ್ಬಿಯ ಮುಚ್ಚಳವನ್ನು ಬೆರಳಿನಲ್ಲಿ ಒರೆಸುತ್ತ ಇದ್ದರು. ಅವತ್ತು ಕೊಂಡ ವಡೆಯನ್ನು ಮೂಸದೆಯೇ ತಿಂದರು. ನನ್ನ ಒಂದು ಚೊಂಬಿನ ವಿಷಯ ಅಲ್ಲೇ ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಕೊಪ್ಪದ ಬಸ್ಸು ಬಂತು. ಬಸ್ಸು ಬರದಿದ್ದರೂ ಹೇಳುತ್ತಿರಲಿಲ್ಲವೇನೋ.

ಔಷಧಿ ಕುಡಿಸುವುದರಲ್ಲೂ ಭಯವಿತ್ತು. ಕರು ನಿತ್ರಾಣವಾಗಿದೆ, ಸತ್ತ ಹುಳುಗಳೆಲ್ಲ ಒಟ್ಟಿಗೆ ಕರುಳು ಕಟ್ಟಿದರೆ ಕಷ್ಟ, ಎರಡು ದಿನ ಕಣ್ಣಿಟ್ಟಿರಿ ಎಂದು ಡಾಕ್ಟರು ಎಚ್ಚರಿಸಿದ್ದರು. ಕಣ್ಣಿಡುವುದನ್ನು ನಮ್ಮತ್ತೆಗೆ ಹೇಳಿಕೊಡಬೇಕೇ? ಮೊದಲ ದಿನ ಚುಕ್ಕಿ ಹಾಲಿಗೂ ಬಾಯಿ ಹಾಕಲಿಲ್ಲ, ಕಾಲು ಚಾಚಿ ಮಲಗಿ ನರಳಿತು. ಎರಡನೆಯ ದಿನ ಬೆಳಕು ಹರಿಯುವಾಗ ಅತ್ತೆಯ ಕೂಗು ಕೇಳಿ ಸತ್ತೇ ಹೋಯಿತೆಂದು ಎದ್ದು ಓಡಿದೆ. ನೋಡಿದರೆ ಚುಕ್ಕಿ ನಿಂತಿತ್ತು. ಅದರ ಹಿಂದೆ ನೆಲದ ಮೇಲೆ ಗೇಣುದ್ದದ ಬಿಳಿ ಹುಳುಗಳು ಶಾವಿಗೆಯ ಹಾಗೆ ಗಂಟುಗಂಟಾಗಿ ಬಿದ್ದಿದ್ದವು. ಅತ್ತೆ ಕೂಗುತ್ತಿದ್ದದ್ದು ನನ್ನನ್ನಲ್ಲ, ಜಯಮ್ಮನನ್ನು.

"ಬಾರಮ್ಮಿ ಇಲ್ಲಿ, ಕಣ್ಬುಟ್ಟು ನೋಡು. ಕರುನ ಆಲು ಕುಡೀತಿದ್ದಿದ್ದು ನನ್ ಸೊಸೆ ಅಲ್ಲ, ಇವು."

ನನಗೆ ಸಿಕ್ಕ ಕ್ಷಮಾಪಣೆ ಅಷ್ಟೇ.  ಆ ಸಂಜೆ ಹಾಲು ಕರೆಯಲು ಕೂತಾಗ ಅರಿಶಿನದ ಬಟ್ಟಲು ಬರಲಿಲ್ಲ, ಮಾರನೆಯ ದಿನವೂ ಬರಲಿಲ್ಲ. ಚುಕ್ಕಿಯ ಕರುಳು ಮಾಯಲು ಇನ್ನೂ ಒಂದು ತಿಂಗಳು ಹಿಡಿಯಿತು. ಆಮೇಲೆ ಮೈಗೆ ಹೊಳಪು ಬಂತು, ಕೊಟ್ಟಿಗೆಯಲ್ಲಿ ಕುಪ್ಪಳಿಸಿ ಗೂಟ ಕಿತ್ತಿತು.

ಅತ್ತೆಯ ಅನುಮಾನ ನಿಂತಿತು ಎಂದುಕೊಳ್ಳಬೇಡಿ. ಅದು ನನ್ನನ್ನು ಬಿಟ್ಟು ಊರಿಗೆ ತಗುಲಿಕೊಂಡಿತು ಅಷ್ಟೇ. ಯಾರ ಮನೆಯಲ್ಲಿ ಹಸು ಈದರೂ ಹತ್ತನೇ ದಿನಕ್ಕೆ ಸರಿಯಾಗಿ ಇವರು ಕೊಟ್ಟಿಗೆಯಲ್ಲಿ ಹಾಜರು. ಔಷಧಿ ಕುಡಿಸಿದೆವು ಎಂದರೆ ಬಾಟಲಿ ತೋರಿಸಿ ಎನ್ನುತ್ತಿದ್ದರು. ಬಾಟಲಿ ತೋರಿಸಿದರೆ ಚೆಲ್ಲಿರಬಹುದು ಎಂದು ಕರುವಿನ ಬಾಯಿ ಮೂಸುತ್ತಿದ್ದರು. ಬೈದುಕೊಂಡರೂ ಜನ ಕುಡಿಸಿದರು. ನಮ್ಮ ಬೀದಿಯಲ್ಲಿ ಮಡಕೆ ಹೊಟ್ಟೆಯ ಕರು ಆಮೇಲೆ ನನ್ನ ಕಣ್ಣಿಗೆ ಬೀಳಲಿಲ್ಲ. ಎಲೆಅಡಿಕೆಗೆ ಅವರು ಬೇರೆ ಡಬ್ಬಿ ಕೊಂಡುಕೊಂಡರು, ಹಳೆಯದು ಕೊಟ್ಟಿಗೆಯ ಗೂಡಿನಲ್ಲಿ ಉಳಿಯಿತು.

ಚುಕ್ಕಿ ಗಬ್ಬವಾಗಿದ್ದಾಗ ಅತ್ತೆಗೆ ಉಸಿರಾಟದ ತೊಂದರೆ ಹೆಚ್ಚಾಗಿ ಮಂಡ್ಯದ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿಯೂ ನರ್ಸು ಕೊಟ್ಟ ಮಾತ್ರೆಯನ್ನು ಪಕ್ಕದ ಹಾಸಿಗೆಯವರ ಮಾತ್ರೆಯ ಜೊತೆ ಇಟ್ಟು ಬಣ್ಣ ನೋಡಿ ನುಂಗುತ್ತಿದ್ದರು. ಒಂದು ಮಧ್ಯಾಹ್ನ ನಾನು ಗಂಜಿ ತೆಗೆದುಕೊಂಡು ಹೋದಾಗ ನಮ್ಮ ಮನೆಯವರು ಏನೋ ತರಲು ಕೆಳಗೆ ಹೋಗಿದ್ದರು. ಅತ್ತೆ ಹತ್ತಿರ ಕೂರಲು ಸನ್ನೆ ಮಾಡಿದರು. ಚುಕ್ಕಿ ಮೇವು ತಿನ್ನುತ್ತಿದೆಯೇ, ನೀರು ಕುಡಿಯುತ್ತಿದೆಯೇ ಎಂದೆಲ್ಲ ಕೇಳಿದ ಮೇಲೆ ಸಣ್ಣ ದನಿಯಲ್ಲಿ ಹೇಳಿದರು.

"ಅವತ್ತು ನಿಮ್ಮಣ್ಣ ಬಂದಿದ್ದಾಗ ಕರುನ ಮೊಲೆ ಕರ್ಕಂಡೆ ಅಲ್ವಾ? ಸುಳ್ಳು ಯೋಳ್ಬ್ಯಾಡ. ಮೊಲೆ ಮ್ಯಾಲಿದ್ದಿದ್ದು ಅಂಗ್ಡಿ ಅರಿಸ್ನ. ನಂದು ಮನೇಲಿ ಕುಟ್ಟಿದ್ದು, ಅಷ್ಟು ಅಳದಿ ಇರಾಕಿಲ್ಲ."

ನಾನು ಗಂಜಿಯ ಲೋಟ ಕೆಳಗಿಟ್ಟೆ. ಅಷ್ಟು ದಿನ ಗೊತ್ತಿದ್ದೂ ಯಾಕೆ ಸುಮ್ಮನಿದ್ದಿರಿ ಅತ್ತೆ ಎಂದು ಕೇಳಿದೆ. ಉಸಿರು ಎಳೆದುಕೊಳ್ಳುತ್ತ, ನಿಲ್ಲಿಸಿ ನಿಲ್ಲಿಸಿ ಹೇಳಿದರು.

"ಬಂದೋರ್ಗೆ ಕಾಪಿ ಕೊಟ್ರೆ ಕರ ಸಾಯಕಿಲ್ಲ ಅಂತ ನಂಗೂ ಗೊತ್ತಿತ್ತು. ಆದ್ರೂ ಬಾಯಿ ತಡೀನಿಲ್ಲ, ಜಯಮ್ಮನ ಮುಂದೇನೇ ಅಂದ್ಬುಟ್ಟೆ. ಅಂದೋಳು ಡಬ್ಬಿ ಇಡ್ಕಂಡು ಮದ್ದೂರ್ಗೆ ಓದೆ, ನೋಡ್ದೆ. ನನ್ ಕೂಸು ಓದಾಗ ನಂಗೋಸ್ಕರ ಯಾರೂ ಡಬ್ಬಿ ಇಡ್ಕಂಡು ಓಗ್ನಿಲ್ಲ ಕಣಮ್ಮಿ."

ಆಮೇಲೆ ಗಂಜಿ ಕೊಡು ಎಂದರು. ಮೂಸದೆ ಕುಡಿದರು. ಅದೇ ಅವರ ಜೊತೆ ಆಡಿದ ಕೊನೆಯ ಮಾತು, ಎರಡು ದಿನದ ಮೇಲೆ ಅವರು ಹೋದರು.

ಚುಕ್ಕಿ ಈಗ ಕರು ಹಾಕಿದೆ, ಹೆಣ್ಣುಗರು. ಹತ್ತನೇ ದಿನ ಔಷಧಿ ಕುಡಿಸಿದೆ. ಬಾಟಲಿ ತೋರಿಸು ಎನ್ನುವವರು ಇಲ್ಲದಿದ್ದರೂ ಅದನ್ನು ಗೂಡಿನಲ್ಲಿ ಡಬ್ಬಿಯ ಪಕ್ಕ ಇಟ್ಟಿದ್ದೇನೆ. ಹಾಲು ಕರೆಯಲು ಕೂತಾಗ ಎದುರಿನ ಮಣೆ ಖಾಲಿ ಇರುತ್ತದೆ, ನಾಲ್ಕನೇ ಮೊಲೆಗೆ ಅರಿಶಿನವಿಲ್ಲ. ಮೊನ್ನೆ ಸಂಜೆ ನಮ್ಮಣ್ಣ ಮತ್ತೆ ಹೇಳದೆ ಕೇಳದೆ ಬಂದಿದ್ದ. ಮನೆಯಲ್ಲಿ ಹಾಲಿರಲಿಲ್ಲ. ಹಾಲಿಲ್ಲದ ಕಾಫಿ ಕೊಟ್ಟು ಕಳಿಸಿದೆ.